ನಲವತ್ತು ಕಡ್ಡಿಯ ಲೆಕ್ಕ

ಗುಜರಿ ಅಂಗಡಿಯಿಂದ ತಂದ ಸೈಕಲ್ಲಿನ ಹ್ಯಾಂಡಲ್ ಕೆಳಗೆ, ಕಂಪನಿಯ ಬಿಲ್ಲೆ ಇರಬೇಕಾದ ಜಾಗದಲ್ಲಿ, ಎರಡು ತೂತು ಮಾತ್ರ ಇದ್ದವು. ಬಿಲ್ಲೆ ಯಾವತ್ತೋ ಕಿತ್ತುಹೋಗಿತ್ತು. ಮಾರಿದವನು ಮಾತ್ರ "ಇಂಗ್ಲೆಂಡ್ ಮಾಲು ಸಾರ್, ಈಗೆಲ್ಲಿ ಸಿಗತ್ತೆ" ಅಂದ. ನಾನು ನಂಬಿದೆ. ನಂಬೋಕೆ ನನಗೂ ಇಷ್ಟ ಇತ್ತು ಅನ್ನಿ.

ಫ್ರೇಮ್ ಗಟ್ಟಿಯಾಗಿತ್ತು. ರಿಮ್ಮುಗಳು ತುಕ್ಕು ಹಿಡಿದು, ಉಗುರು ತಾಗಿಸಿದರೆ ಪುಡಿ ಉದುರುತ್ತಿತ್ತು. ಹಾಗಾಗಿ ಚಕ್ರಗಳನ್ನು ಹೊಸದಾಗಿ ಕಟ್ಟಬೇಕಾಯ್ತು. ಅಂಗಡಿಗೆ ಕೊಡೋ ಬದಲು ನಾನೇ ಬಾಲ್ಕನಿಯಲ್ಲಿ ಕೂತು ಕಟ್ತೀನಿ ಅಂತ ಹೊರಟೆ. ಹಬ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತೂತು ಎಣಿಸಿದೆ. ಹಿಂದಿನದರಲ್ಲಿ 40, ಮುಂದಿನದರಲ್ಲಿ 32. ಬೇರೆ ಅನೇಕ ದೇಶಗಳಲ್ಲಿ ಎರಡೂ ಚಕ್ರಕ್ಕೆ 36 ಕಡ್ಡಿ ಹಾಕುತ್ತಿದ್ದರು. ಭಾರ ಬೀಳೋ ಹಿಂದಿನ ಚಕ್ರಕ್ಕೆ 40, ಮುಂದಿನದಕ್ಕೆ 32 ಅನ್ನೋದು ಬ್ರಿಟಿಷರ ವಾಡಿಕೆ. ಸಾಕ್ಷಿ ಸಿಕ್ಕಿತು ಅಂತ ಖುಷಿಯಾಯ್ತು.

ಈ ಲೆಕ್ಕದ ಬೆನ್ನು ಹತ್ತಿದರೆ ಇಂಗ್ಲೆಂಡಿನ ಕೊವೆಂಟ್ರಿ ಎಂಬ ಊರಿಗೆ ಹೋಗಬೇಕು. ಅದು ರೇಷ್ಮೆ ರಿಬ್ಬನ್ ನೇಯುವವರ, ಗಡಿಯಾರ ಮಾಡುವವರ ಊರಾಗಿತ್ತು. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ವ್ಯಾಪಾರ ಒಪ್ಪಂದ ಮಾಡಿಕೊಂಡವು. ಫ್ರಾನ್ಸಿನ ರೇಷ್ಮೆ ಸುಂಕವಿಲ್ಲದೆ ಒಳಗೆ ಬಂತು, ಕೊವೆಂಟ್ರಿಯ ಮಗ್ಗಗಳು ನಿಂತವು. ಕೈಯಲ್ಲಿ ಕಸುಬಿದ್ದೂ ಕೆಲಸವಿಲ್ಲದ ಜನ ತುಂಬಿದ್ದ ಆ ಊರಿನಲ್ಲಿ ಹೊಲಿಗೆ ಯಂತ್ರದ ಕಾರ್ಖಾನೆಯೊಂದು ಶುರುವಾಯ್ತು. ಅಲ್ಲಿ ಕೆಲಸಕ್ಕಿದ್ದವನು ರೈತನ ಮಗ ಜೇಮ್ಸ್ ಸ್ಟಾರ್ಲಿ. 1860ರ ದಶಕದ ಕೊನೆಗೆ, ಕಾರ್ಖಾನೆಗೆ ಸೇರಿದ ರೌಲಿ ಟರ್ನರ್ ಎಂಬಾತ ಪ್ಯಾರಿಸ್‌ನಿಂದ ಒಂದು ವೆಲಾಸಿಪೀಡ್ ತಂದ. ಈಗಿನ ಸೈಕಲ್ಲಿನ ಹಿರೀಕ ಅದು. 1869ರಲ್ಲಿ ಕಂಪನಿ ಹೆಸರನ್ನೇ ಬದಲಿಸಿಕೊಂಡು ಅದರ ತಯಾರಿಕೆಗೆ ಇಳಿಯಿತು. ಊರಿನ ಅನ್ನ ಕಿತ್ತುಕೊಂಡಿದ್ದು ಫ್ರಾನ್ಸಿನ ರೇಷ್ಮೆ, ಮತ್ತೆ ಅನ್ನ ಕೊಟ್ಟಿದ್ದು ಫ್ರಾನ್ಸಿನ ಗಾಡಿ!

ಆದರೆ ಆ ಗಾಡಿಯನ್ನು ಇಂಗ್ಲಿಷರು ಕರೆದಿದ್ದೇ 'ಮೂಳೆ ಅಲುಗಾಡಿಸೋದು' ಅಂತ. ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ. ನಮ್ಮ ಎತ್ತಿನ ಗಾಡಿಯ ಚಕ್ರದ ಹಾಗೆ. ಮರದ ಚಕ್ರದಲ್ಲಿ ಭಾರ ಹೊರೋದು ಕೆಳಗಿನ ಮರದ ಕಾಲುಗಳು, ಮನೆಯ ಕಂಬ ಸೂರನ್ನು ಹೊತ್ತ ಹಾಗೆ. ಅಂಥ ಕಾಲು ದಪ್ಪ ಇರಲೇಬೇಕು, ದಪ್ಪ ಇದ್ದರೆ ಚಕ್ರ ಭಾರ ಆಗಲೇಬೇಕು.

ತಂತಿಯ ಕತೆ ಇದಕ್ಕೆ ತಿರುಗುಮುರುಗು. ತಂತಿಯ ಮೇಲೆ ಭಾರ ಇಟ್ಟರೆ ಬಾಗಿಹೋಗುತ್ತೆ. ಎಳೆದು ಕಟ್ಟಿದರೆ ಮಾತ್ರ ಅದಕ್ಕೆ ಬಲ. ಸುತ್ತಲೂ ಎಲ್ಲ ಕಡ್ಡಿಗಳೂ ರಿಮ್ಮನ್ನು ಒಳಕ್ಕೆ ಎಳೆಯುತ್ತಿದ್ದರೆ ರಿಮ್ಮು ಬಿಗಿಯಾಗಿ ನಿಲ್ಲುತ್ತೆ. ನಾವು ಸೈಕಲ್ ಹತ್ತಿದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಒಂಚೂರು ಕಮ್ಮಿಯಾಗುತ್ತೆ, ಚಕ್ರ ತಿರುಗಿದ ಹಾಗೆ ವಾಪಸ್ ಬರುತ್ತೆ. ಇಷ್ಟೇ ಗುಟ್ಟು. ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲೇ, ತನ್ನ ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕೆಂದು, ಇದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದ. 1869ರಲ್ಲಿ ಪ್ಯಾರಿಸ್‌ನ ಯುಜೀನ್ ಮೇಯರ್ ತಂತಿ ಕಡ್ಡಿಯ ಚಕ್ರಕ್ಕೆ ಪೇಟೆಂಟ್ ಪಡೆದ. ಮರುವರ್ಷ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ 'ಏರಿಯಲ್' ಸೈಕಲ್ಲಿಗೆ ತಂತಿ ಚಕ್ರ ಹಾಕಿದರು.

ಆ ಕಡ್ಡಿಗಳು ಸೂರ್ಯನ ಕಿರಣದ ಹಾಗೆ ನೇರ ಇದ್ದವು. ಇಲ್ಲೊಂದು ತೊಡಕು. ಪೆಡಲ್ ತುಳಿದಾಗ ಮೊದಲು ತಿರುಗೋದು ಹಬ್ಬು, ಅದು ರಿಮ್ಮನ್ನು ತನ್ನ ಜೊತೆ ಎಳ್ಕೊಂಡು ಹೋಗಬೇಕು. ನೇರ ಕಡ್ಡಿಗೆ ಆ ತಿರುಚು ತಡೆಯೋದು ಕಷ್ಟ. 1874ರಲ್ಲಿ ಸ್ಟಾರ್ಲಿ ಕಡ್ಡಿಗಳನ್ನು ಓರೆಯಾಗಿ, ಒಂದರ ಮೇಲೊಂದು ಹಾಯುವಂತೆ ಕಟ್ಟಿ ಪೇಟೆಂಟ್ ಪಡೆದ. ಕೆಲವು ಕಡ್ಡಿ ಮುಂದಕ್ಕೆ ಎಳೆದರೆ ಕೆಲವು ಹಿಂದಕ್ಕೆ. ಆಮೇಲೆ 1885ರಲ್ಲಿ ಅವನ ಅಣ್ಣತಮ್ಮಂದಿರ ಮಗ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನ್ ಹಾಕಿದ 'ರೋವರ್' ಸೈಕಲ್ ತಂದ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ನಾವು ಸ್ಕೂಲಲ್ಲಿ ಒಳಪೆಟ್ಲು ಹೊಡೆದು ಕಲಿತ ಸೈಕಲ್ಲು ಹೆಚ್ಚುಕಮ್ಮಿ ಅಲ್ಲಿಗೆ ತಯಾರಾಗಿತ್ತು.

ಓದಿದಾಗ ಎಲ್ಲಾ ಸಲೀಸು. ಕಟ್ಟೋಕೆ ಕೂತಾಗ ಗೊತ್ತಾಗಿದ್ದು, 40 ಕಡ್ಡಿಗೂ ಒಂದು ಮೊದಲನೇ ಕಡ್ಡಿ ಅಂತ ಇರುತ್ತೆ, ಅದು ತಪ್ಪಿದರೆ ಉಳಿದ 39ಕ್ಕೂ ತಪ್ಪು ದಾರಿ. ಎರಡು ಭಾನುವಾರ ಹಿಡೀತು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು, ತಾಗಿದ ಕಡೆ ಎದುರು ಬದಿಯ ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆದೆ. ಟೈರ್ ಹಾಕಿ ಗಾಳಿ ಹೊಡೆಯೋಕೆ ಹೋದರೆ ಪಂಪು ಒಳಗೇ ಹೋಗಲಿಲ್ಲ. ಎರಡು ಕಡ್ಡಿ ಸರಿಯಾಗಿ ವಾಲ್ವಿನ ಮೇಲೇ ಹಾದುಹೋಗಿದ್ದವು.

ಚಕ್ರ ಎತ್ಕೊಂಡು ನಮ್ಮ ಬೀದಿಯ ಸೈಕಲ್ ಶಾಪಿಗೆ ಹೋದೆ. ಯಜಮಾನರು ಒಂದು ಸಲ ತಿರುಗಿಸಿ ನೋಡಿದರು. "ಎಲ್ಲಾ ಬಿಚ್ಚಿ ಸಾರ್. ವಾಲ್ ತೂತಿನ ಪಕ್ಕದಿಂದ ಶುರು ಮಾಡಬೇಕು." ಬಿಚ್ಚಿದೆ. ಅವರು ಮೊದಲ ನಾಲ್ಕು ಕಡ್ಡಿ ತೋರಿಸಿಕೊಟ್ಟರು, ಮಿಕ್ಕಿದ್ದು ಅವರ ಸ್ಟೂಲ್ ಪಕ್ಕ ಕೂತು ನಾನೇ ಹಾಕಿದೆ. ಕೊನೆಗೆ ಅವರು ಒಂದೊಂದು ಕಡ್ಡಿಯನ್ನೂ ಬೆರಳಿಂದ ಮೀಟಿದರು. ಒಂದೇ ಬದಿಯವೆಲ್ಲ ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ನನ್ನವು ಮೂರು ಬೇಸೂರು. ನಿಪ್ಪಲ್ ಕಾಲು ಸುತ್ತು ತಿರುಗಿಸಿ ಸರಿ ಮಾಡಿದರು. ಸ್ಟಾರ್ಲಿ ಹೆಸರು ಅವರು ಕೇಳಿರಲಿಕ್ಕಿಲ್ಲ. ಆದರೆ ಸ್ಟಾರ್ಲಿಗೆ ಗೊತ್ತಿದ್ದಿದ್ದು ಅವರ ಬೆರಳಿಗೆ ಗೊತ್ತಿತ್ತು.

"ಯಜಮಾನ್ರೇ, ಹಿಂದೆ 40, ಮುಂದೆ 32 ಇದೆ. ಇಂಗ್ಲೆಂಡ್ ಗಾಡಿನೇ ಅಲ್ವಾ?" ಕೇಳಿದೆ.

"ನಮ್ಮ ದೇಶದ ಗಾಡಿಗೂ ಅಷ್ಟೇ ಸಾರ್. ಯಾವುದಾದ್ರೂ ಇದೇ ಕಡ್ಡಿ ಕೂರತ್ತೆ."

ನನ್ನ ಸಾಕ್ಷಿ ಅಲ್ಲಿಗೆ ಮುಗೀತು. ಮನೆಗೆ ಬಂದು ಯೋಚಿಸಿದರೆ ಅವರು ಹೇಳಿದ್ದೇ ಇತಿಹಾಸ. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ಬ್ರಿಟಿಷ್ ಸಹಯೋಗದಲ್ಲೇ ಶುರುವಾಯ್ತು. 1950ರ ದಶಕದಲ್ಲಿ ಅಸನ್ಸೋಲ್‌ನಲ್ಲಿ ಸೆನ್-ರಾಲೆ, ಸೋನೆಪತ್‌ನಲ್ಲಿ ಅಟ್ಲಾಸ್, ಲುಧಿಯಾನದಲ್ಲಿ ಹೀರೋ ಬಂದವು. ಬ್ರಿಟಿಷ್ ರೋಡ್‌ಸ್ಟರ್‌ನ ಅದೇ 28 ಇಂಚಿನ ಚಕ್ರ, ಅದೇ ರಾಡ್ ಬ್ರೇಕು, ಅದೇ 40 ಮತ್ತು 32 ಇಲ್ಲೂ ಉಳಿದವು. ಅಳತೆ ಬದಲಾಗದೇ ಇದ್ದಿದ್ದರಿಂದ ಹಾಲು ಹಾಕೋರು, ಪೋಸ್ಟ್‌ಮನ್ನು, ಮೇಷ್ಟ್ರು ಯಾರ ಸೈಕಲ್ ಮುರಿದರೂ ಹತ್ತಿರದ ಅಂಗಡಿಯಲ್ಲಿ ಸಾಮಾನು ಸಿಕ್ಕಿತು. ನನ್ನ ಸೈಕಲ್ ಎಲ್ಲಿಯದು ಅಂತ ಹೇಳೋಕಾಗದೇ ಇರೋದಕ್ಕೆ ಕಾರಣವೂ ಅದೇ, ಅದು ಇವತ್ತಿಗೂ ರಿಪೇರಿ ಆಗೋದಕ್ಕೆ ಕಾರಣವೂ ಅದೇ.

ಫೋಟೋ ನೋಡಿದ ಗೆಳೆಯನೊಬ್ಬ, ಹೆಸರಾಂತ ಇಂಗ್ಲಿಷ್ ಕಂಪನಿಯ ಹಿತ್ತಾಳೆ ಬಿಲ್ಲೆ ಆನ್‌ಲೈನ್‌ನಲ್ಲಿ ಸಿಗುತ್ತೆ, ಅಂಟಿಸಿದರೆ ಬೆಲೆ ಮೂರು ಪಟ್ಟು ಆಗುತ್ತೆ ಅಂತ ಲಿಂಕ್ ಕಳಿಸಿದ. ಸುಳ್ಳು ಹೇಳಲ್ಲ, ಕಾರ್ಟಿಗೂ ಹಾಕಿದ್ದೆ. ಆಮೇಲೆ ತೆಗೆದೆ. ನನಗೆ ಗೊತ್ತಿಲ್ಲದ ಊರಿನ ಹೆಸರನ್ನು ನಾನೇ ಬರೆದು, ಅದನ್ನೇ ನಾಳೆ ಇನ್ನೊಬ್ಬರು ಇತಿಹಾಸ ಅಂತ ನಂಬೋ ಹಾಗೆ ಮಾಡೋದು ಸರಿ ಅನ್ನಿಸಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಅದೇ ಸೈಕಲ್ಲಲ್ಲಿ ಹಾಲಿಗೆ ಹೋಗ್ತೀನಿ. ಸಿಗ್ನಲ್‌ನಲ್ಲಿ ಯಾರಾದರೂ "ಯಾವ ಕಂಪನಿದು ಸಾರ್?" ಅಂತ ಕೇಳಿದರೆ ಗೊತ್ತಿಲ್ಲ ಅಂತೀನಿ. ಚಕ್ರ ಮಾತ್ರ ನಾನೇ ಕಟ್ಟಿದ್ದು ಅಂತ ಸೇರಿಸ್ತೀನಿ. ಎರಡು ತೂತು ಹಾಗೇ ಇವೆ. ನೀರು ಇಳಿಯದೇ ಇರಲಿ ಅಂತ ಮಳೆಗಾಲಕ್ಕೆ ಒಂಚೂರು ಗ್ರೀಸ್ ತುಂಬಿದ್ದೀನಿ, ಅಷ್ಟೇ.