ಅರ್ಧಶಕ್ತಿಯ ಲೆಕ್ಕ

ಏಪ್ರಿಲ್ ತಿಂಗಳ ನಸುಕಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರರಲ್ಲಿ ಯಾವ ಊರಿನ ಹೊರದಾರಿಗೆ ಬಂದು ನಿಂತರೂ ಓಡುವ ಹುಡುಗರು ಎದುರಾಗುತ್ತಾರೆ. ಕೆಲವರ ಕಾಲಲ್ಲಿ ಬೂಟಿದೆ, ಕೆಲವರು ಬರಿಗಾಲಲ್ಲಿದ್ದಾರೆ. ಒಬ್ಬನ ಕೈಯಲ್ಲಿ ಮೊಬೈಲು, ಅದರಲ್ಲಿ ಗಡಿಯಾರ. ಪೊಲೀಸ್ ಇರಲಿ, ಸೈನ್ಯ ಇರಲಿ, ಅವರ ಮುಂದಿರುವುದು 1,600 ಮೀಟರಿನ ಓಟ ಮತ್ತು ಕೆಲವೇ ನಿಮಿಷಗಳ ಗಡುವು. 2013ರಲ್ಲಿ ಜಾರಿಗೆ ಬಂದ 371(ಜೆ) ಕಲಂ ಈ ಸೀಮೆಯವರಿಗೆ ನೌಕರಿಯಲ್ಲಿ ಮೀಸಲು ಕೊಟ್ಟಿತು, ಆದರೆ ಓಟದಲ್ಲಿ ಮೀಸಲಿಲ್ಲ. ಹೀಗಾಗಿ ಓಡಲೇಬೇಕು. ಮುಂಜಾನೆ ಹೊಲದ ಕೆಲಸಕ್ಕೋ ಅಂಗಡಿಗೋ ಹೋಗುವವರು ಮಧ್ಯಾಹ್ನ ನಾಲ್ಕಕ್ಕೆ ಬಯಲಿಗಿಳಿಯುತ್ತಾರೆ. ಇಡೀ ದಿನ ಕಾದ ಎರೆನೆಲ ಆಗ ಕೆಳಗಿನಿಂದ ಝಳ ಉಗುಳುತ್ತಿರುತ್ತದೆ. ನನಗೆ ಚಿಂತೆ ಇವರದೇ.

ಬಿಸಿಲಲ್ಲಿ ಮೈ ದಂಡಿಸುವುದು ಇಲ್ಲಿನವರಿಗೆ ಹೊಸದಲ್ಲ. ಯಾವ ಹೊತ್ತಿನಲ್ಲಿ, ಎಷ್ಟು, ಎಲ್ಲಿ ಎಂಬುದಕ್ಕೆ ಇಲ್ಲಿ ಒಂದು ಹಳೆಯ ಲೆಕ್ಕವಿತ್ತು. ಅದು ಹೇಗೆ ಕೈತಪ್ಪಿತು ಎಂಬುದು ಇತಿಹಾಸದ ವಿಷಯವೇ ಆಗುತ್ತದೆ.

ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ. ನಾನು ಹುಡುಗನಾಗಿದ್ದಾಗ ನೋಡಿದ ತಾಲೀಮಿಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬಗ್ಗಿ ಹೋಗಬೇಕಾದ ಸಣ್ಣ ಬಾಗಿಲು. ಒಳಗೆ ಕೆಂಪು ಮಣ್ಣಿನ ಮಟ್ಟಿ. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿರುತ್ತಿದ್ದರು. ಮೇ ತಿಂಗಳಲ್ಲೂ ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಸಾಮು ಮುಗಿಯುತ್ತಿದ್ದುದು ಹೊತ್ತು ಮೂಡುವುದರೊಳಗೆ. ವಸ್ತಾದರು ಗಡಿಯಾರ ಇಟ್ಟುಕೊಂಡವರಲ್ಲ. ದಂಡ ಹೊಡೆಯುವವನ ಮುಖ ನೋಡುತ್ತಿದ್ದರು. "ಬ್ಯಾಸಗಿ ಅದ ತಮ್ಮಾ, ಉಸುರು ಬಾಯಿಗಿ ಬಂತಂದ್ರ ಬಿಡು," ಅನ್ನುತ್ತಿದ್ದರು. ಅದು ಅವರ ಸ್ವಂತ ಮಾತೆಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಅಲ್ಲ. ಸುಶ್ರುತ ಸಂಹಿತೆಯಲ್ಲಿ ವ್ಯಾಯಾಮದ ಮಿತಿ ಹೇಳುವಾಗ ಬಲದ ಅರ್ಧದಷ್ಟು ಮಾತ್ರ ಖರ್ಚು ಮಾಡಬೇಕು ಎಂಬ ಮಾತು ಬರುತ್ತದೆ. ಆ ಅರ್ಧ ಯಾವಾಗ ಮುಗಿಯಿತೆಂದು ತಿಳಿಯುವ ಗುರುತು, ಎದೆಯಲ್ಲಿರಬೇಕಾದ ಉಸಿರು ಬಾಯಿಗೆ ಬರುವುದು. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಎಂಬ ಗುರುತುಗಳೂ ವೈದ್ಯ ಪರಂಪರೆಯಲ್ಲಿವೆ. ಓದು ಬರಹ ಬಾರದ ವಸ್ತಾದರಿಗೆ ಸಂಸ್ಕೃತದ ಮಾತು ಮುಟ್ಟಿದ್ದು ಹೇಗೆ? ಅಥವಾ ಗರಡಿಯ ಅನುಭವವೇ ಗ್ರಂಥಕ್ಕೆ ಹೋಯಿತೋ? ಎರಡನೆಯದೇ ನಿಜವಿರಬೇಕೆಂದು ನನ್ನ ಅನುಮಾನ.

ವಾಗ್ಭಟನ ಅಷ್ಟಾಂಗಹೃದಯ ಋತುವನ್ನೂ ಈ ಲೆಕ್ಕಕ್ಕೆ ಸೇರಿಸುತ್ತದೆ. ಬಲವಿದ್ದವನು, ಜಿಡ್ಡಿನ ಊಟ ಉಣ್ಣುವವನು ಚಳಿಗಾಲ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟು ವ್ಯಾಯಾಮ ಮಾಡಲಿ, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ. ಗ್ರೀಷ್ಮದಲ್ಲಂತೂ ಬಿಡಬೇಕಾದವುಗಳ ಸಾಲಿನಲ್ಲಿ ಉಪ್ಪು, ಖಾರ, ಹುಳಿಗಳ ಜೊತೆಗೆ ವ್ಯಾಯಾಮ ಮತ್ತು ಬಿಸಿಲೂ ನಿಂತಿವೆ. ಉಪ್ಪು ಬಿಡಿ ಎಂಬುದನ್ನು ಮಾತ್ರ ಇಂದಿನ ಓಟಗಾರ ಪಾಲಿಸಬಾರದು. ವಾಗ್ಭಟ ಅದನ್ನು ಹೇಳಿದ್ದು ನೀರು ಚಿಮುಕಿಸಿದ ತಂಪು ಮನೆಯಲ್ಲಿ ಹಗಲು ಕಳೆದು ರಾತ್ರಿ ಬೆಳದಿಂಗಳ ಮಾಳಿಗೆ ಏರಬಲ್ಲ ಉಳ್ಳವನಿಗೆ. ಬೆವರು ಸುರಿಸುವವನ ಮೈಯಿಂದ ಉಪ್ಪು ಹರಿದು ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಕುಡಿಯುವ ನಮ್ಮ ರೈತ ಈ ವಿಷಯದಲ್ಲಿ ವಾಗ್ಭಟನಿಗಿಂತ ಸರಿಯಾಗಿದ್ದ.

ಆಳಂದದಿಂದ ಬಹಳ ದೂರವಿಲ್ಲದ ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನೇ ಇಟ್ಟ. ಜಟ್ಟಿಗಳ ವಯಸ್ಸು, ಊಟ, ಸಾಧನೆ ಎಲ್ಲ ಅದರಲ್ಲಿದೆ. ಭಾರ ಎತ್ತುವುದು, ಕಂಬದ ಸಾಮು, ನಡೆಯುವುದು ಇವುಗಳ ಜೊತೆ ನೀರಿನಲ್ಲಿ ಮಾಡುವ ಶ್ರಮವನ್ನೂ ಅವನು ಹೇಳುತ್ತಾನೆ. ಭೀಮೆಯ ದಂಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಹುಡುಗರು ಕಟ್ಟೆ ಬಿಟ್ಟು ಮಡುವಿಗೆ ಬೀಳುತ್ತಿದ್ದುದು ನೆನಪಾಗುತ್ತದೆ. ಈಗ ಎಷ್ಟೋ ಕಡೆ ಏಪ್ರಿಲ್ ಹೊತ್ತಿಗೆ ಮಡುವೇ ಉಳಿದಿರುವುದಿಲ್ಲ.

ಗರಡಿ ಬಿಟ್ಟರೆ ಇಲ್ಲಿನ ದೊಡ್ಡ ದೇಹಶ್ರಮ ನಡಿಗೆಯದು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಸಾವಿರಾರು ಜನ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಮುದುಕರು, ಹೆಣ್ಣುಮಕ್ಕಳು ಸುಡು ಬಿಸಿಲಿನ ದಿನಗಳಲ್ಲಿ ಇಷ್ಟು ದೂರ ನಡೆಯುವುದು ಬರೀ ಭಕ್ತಿಯಿಂದ ಸಾಧ್ಯವಾದದ್ದಲ್ಲ. ಅವರು ಬೆಳಗಿನ ಜಾವ ಹೊರಟು, ಬಿಸಿಲೇರಿದ ಮೇಲೆ ಗಿಡದ ನೆರಳಿಗೋ ಗುಡಿಗೋ ಬಿದ್ದುಕೊಂಡು, ಹೊತ್ತಿಳಿದ ಮೇಲೆ ಮತ್ತೆ ನಡೆಯುತ್ತಾರೆ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪಾನಕ ಕೊಡುವವರಿರುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸತ್ರದ ಜೊತೆಗೆ ಅರವಂಟಿಗೆಗೂ ದತ್ತಿ ಬಿಟ್ಟ ಉಲ್ಲೇಖಗಳಿವೆ. ನೀರು ಕುಡಿಸುವುದಕ್ಕೆ ಹೊಲ ಬಿಡುವುದೆಂದರೆ ಬಿಸಿಲನ್ನು ಒಂದು ಆಡಳಿತದ ವಿಷಯವಾಗಿ ಕಂಡಂತೆ. ಇವತ್ತು ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದೂ ಅದೇ ಜಾಣತನ. ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ಈ ರಿಯಾಯಿತಿ ಬಯಲಲ್ಲಿ ಓಡುವವನಿಗೆ ಇಲ್ಲ ಎಂಬುದು ಬೇರೆ ಮಾತು.

ವ್ಯಾಯಾಮ ಮಣ್ಣಿನ ಮಾಳಿಗೆಯ ಕೆಳಗಿನಿಂದ ಬಯಲಿಗೆ ಬಂದದ್ದು ಶಾಲೆ, ಕವಾಯತು, ಸೀಟಿಗಳ ಜೊತೆಗೆ. ಹೊತ್ತನ್ನು ತೀರ್ಮಾನಿಸುವುದು ಸೂರ್ಯನ ಬದಲು ವೇಳಾಪಟ್ಟಿಯಾಯಿತು. ಮಿತಿಯನ್ನು ತೀರ್ಮಾನಿಸುವುದು ಉಸಿರಿನ ಬದಲು ಸ್ಟಾಪ್‌ವಾಚು.

ಇದರ ಬೆಲೆ ಎಷ್ಟೆಂದು ಮೊದಲು ಅಳೆದವರು ಗಣಿ ಮತ್ತು ಸೈನ್ಯದ ಕಡೆಯವರು. ಜೆ.ಎಸ್. ಹಾಲ್ಡೇನ್, ಅಂದರೆ ಮುಂದೆ ಭಾರತಕ್ಕೆ ಬಂದು ನೆಲೆಸಿದ ಜೆ.ಬಿ.ಎಸ್. ಹಾಲ್ಡೇನರ ತಂದೆ, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಯ ಸೆಕೆಯಲ್ಲಿ ತಾನೇ ಕೂತು ತನ್ನ ಮೈಯ ಬಿಸಿ ಅಳೆದುಕೊಂಡ. 1905ರಲ್ಲಿ ಅವನು ಹೇಳಿದ್ದಿಷ್ಟು: ಮುಖ್ಯವಾದದ್ದು ಸಾಮಾನ್ಯ ಉಷ್ಣಮಾಪಕದ ಅಂಕಿಯಲ್ಲ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ್ದು. ಗಾಳಿಯಾಡದ ಕಡೆ ಅದು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುಮ್ಮನೆ ಕೂತವನ ಮೈಬಿಸಿಯೂ ಏರತೊಡಗುತ್ತದೆ. ಅರ್ಧ ಶತಮಾನದ ನಂತರ ಅಮೆರಿಕದ ಪ್ಯಾರಿಸ್ ಐಲೆಂಡ್ ತರಬೇತಿ ಶಿಬಿರದಲ್ಲಿ ಬಿಸಿಲಿಗೆ ಬೀಳುತ್ತಿದ್ದ ಹೊಸ ಸೈನಿಕರಿಗಾಗಿ ಈ ಲೆಕ್ಕಕ್ಕೆ ಬಿಸಿಲಿನ ತಾಪವನ್ನೂ ಸೇರಿಸಿದರು. ಅಂಕಿ ಏರಿದಂತೆ ಬಣ್ಣದ ಬಾವುಟ ಬದಲಾಗುತ್ತದೆ. ಕಪ್ಪು ಬಾವುಟ ಏರಿದರೆ ಕವಾಯತು ಬಂದ್.

ಕಲಬುರಗಿಯ ಬೇಸಿಗೆ ಒಣ ಬೇಸಿಗೆ. ಬೆವರು ಹನಿಯಾಗುವ ಮೊದಲೇ ಆರಿಹೋಗುವುದರಿಂದ ಮೈ ತಂಪಾಗುತ್ತದೆ, ಅದು ಅನುಕೂಲ. ಎಷ್ಟು ನೀರು ಹೋಯಿತೆಂಬುದು ಕಾಣುವುದೇ ಇಲ್ಲ, ಅದು ಮೋಸ. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಮೈಯ ಶಾಖ ಹೊರಹೋಗಲು ಬೆವರೊಂದೇ ದಾರಿ. ಓಡುವವನು ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಯೇ ಒಳಗುಳಿಯುತ್ತದೆ. ಮೇ ಕೊನೆಗೆ, ಜೂನ್ ಮೊದಲಿಗೆ ಮೋಡ ಕವಿದು ಒಗದಿ ಏರಿದಾಗ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿದಿರುತ್ತದೆ. ಹುಡುಗರು ತಂಪಾಯಿತೆಂದು ಹೆಚ್ಚು ಓಡುತ್ತಾರೆ. ಬೆವರು ಆರದ ಆ ದಿನಗಳೇ ಹೆಚ್ಚು ಅಪಾಯದವು.

ಪತ್ರಿಕೆಯ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯ ನೆರಳಿನೊಳಗೆ ಅಳೆದದ್ದು. ಆ ಪೆಟ್ಟಿಗೆಯನ್ನು ರೂಪಿಸಿದವನು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ನನ ತಂದೆ. ಬಯಲು ಪ್ರದೇಶದಲ್ಲಿ ಉಷ್ಣಾಂಶ 40 ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ, ಇಲ್ಲವೇ ನೇರವಾಗಿ 45 ಮುಟ್ಟಿದರೆ ಹವಾಮಾನ ಇಲಾಖೆ ಬಿಸಿಗಾಳಿ ಎನ್ನುತ್ತದೆ. ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವ ನಮ್ಮಲ್ಲಿ 43 ಡಿಗ್ರಿಯ ದಿನ ದಾಖಲೆಯಲ್ಲಿ ಬರೀ ಒಂದು ದಿನ.

2024ರ ಆಗಸ್ಟ್ ಕೊನೆಯಲ್ಲಿ ಜಾರ್ಖಂಡದ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಎಲ್ಲ ಸಾವಿಗೂ ಸೆಕೆಯೊಂದೇ ಕಾರಣ ಎನ್ನಲಾಗದು. ಆದರೆ ಸರ್ಕಾರ ಮೂರು ದಿನ ಓಟ ನಿಲ್ಲಿಸಿ ಹೊರಡಿಸಿದ ಸೂಚನೆಗಳಲ್ಲಿ ಒಂದು, ಬೆಳಿಗ್ಗೆ 9ರ ನಂತರ ಯಾರನ್ನೂ ಓಡಿಸಬಾರದು ಎಂಬುದು. ಯಾವ ತಾಲೀಮಿನ ವಸ್ತಾದರನ್ನು ಕೇಳಿದ್ದರೂ ಮೊದಲೇ ಹೇಳುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಒಂದು ಏಪ್ರಿಲ್ ಸಂಜೆ ಅಭ್ಯಾಸದ ಓಟದಲ್ಲಿ ಗೆಳೆಯನೊಬ್ಬ ತೊದಲತೊಡಗಿದ. ನಾವು ನಕ್ಕೆವು. ನಾಲ್ಕು ಹೆಜ್ಜೆ ಮುಂದೆ ಹೋಗಿ ಬಿದ್ದ. ಮೈ ಕೆಂಡ, ಆದರೂ ಬೆವರುತ್ತಿದ್ದ. ಬೆವರು ನಿಂತರೆ ಮಾತ್ರ ಬಿಸಿಲಾಘಾತ ಎಂದು ನಾವು ಓದಿಕೊಂಡಿದ್ದೆವು. ಓಡುವಾಗ ತಗಲುವ ಆಘಾತದಲ್ಲಿ ಬೆವರು ನಿಲ್ಲದೆಯೂ ಇರಬಹುದು, ಬುದ್ಧಿ ತಪ್ಪುವುದೇ ಮುಖ್ಯ ಗುರುತು ಎಂಬುದು ತಿಳಿದಿರಲಿಲ್ಲ. ಯಾರೋ ಬಾಯಿಗೆ ನೀರು ಹಾಕಲು ಹೋದರು. ಎಚ್ಚರವಿಲ್ಲದವನಿಗೆ ಅದು ಉಸಿರುಗಟ್ಟಿಸುತ್ತದೆ. ಪಕ್ಕದ ಹೊಲದಲ್ಲಿದ್ದ ಕಾಕಾ ಒಬ್ಬರು ಓಡಿ ಬಂದು, "ಬಾಯಿಗಲ್ಲ, ಮೈಮ್ಯಾಲ ಹಾಕ್ರಿ!" ಎಂದು ಬೈದು, ಅವನನ್ನು ಎತ್ತಿಸಿ ದನ ಕುಡಿಯುವ ನೀರಿನ ತೊಟ್ಟಿಗೆ ಕುತ್ತಿಗೆವರೆಗೆ ಇಳಿಸಿದರು. ತಲೆ ಹಿಡಿದುಕೊಂಡು ತಾವೂ ತೊಟ್ಟಿಯಲ್ಲೇ ಕೂತರು. ಮೊದಲು ತಂಪು ಮಾಡಿ ಆಮೇಲೆ ಆಸ್ಪತ್ರೆಗೆ ಸಾಗಿಸಿ ಎಂದು ಇಂದಿನ ವೈದ್ಯರು ಹೇಳುವುದೂ ಇದನ್ನೇ. ಗೆಳೆಯ ಬದುಕಿದ. ಎರಡು ವಾರ ಬಿಟ್ಟು, ನಸುಕಿನಲ್ಲಿ, ಮೊದಲ ದಿನ ಬರೀ ನಡೆದು, ದಿನಕ್ಕಿಷ್ಟೇ ಎಂದು ಹೆಚ್ಚಿಸುತ್ತ ಮತ್ತೆ ಓಟಕ್ಕೆ ಬಂದ. ಮೈ ಬಿಸಿಲಿಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಆ ವರ್ಷದ ಭರ್ತಿ ಅವನಿಗೆ ತಪ್ಪಿತು. ಮರುವರ್ಷ ಆಯ್ಕೆಯಾದ.