ಬಜೆಟ್ ಹಣದ ಲೆಕ್ಕ: ನೋಡುವುದೆಲ್ಲಿ, ಕೇಳುವುದು ಹೇಗೆ?

ಮುಂಗಡಪತ್ರ ಮಂಡನೆಯಾದ ಮರುದಿನ ಎಲ್ಲೆಡೆ ಘೋಷಣೆಗಳದೇ ಸುದ್ದಿ. ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಮಾರ್ಚ್ 7ರಂದು ಮಂಡಿಸಿದ 2025-26ನೇ ಸಾಲಿನ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂ. ಇದು ಖರ್ಚಾದ ಹಣವಲ್ಲ, ಖರ್ಚಿನ ಅಂದಾಜು ಎಂಬುದನ್ನು ಮರೆಯುವವರೇ ಹೆಚ್ಚು.

ಸಂವಿಧಾನದ 202ನೇ ವಿಧಿಯಂತೆ ವಿಧಾನಮಂಡಲದ ಮುಂದಿಡುವ ಆಯವ್ಯಯದ ಸಂಪುಟಗಳು ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ದೊರೆಯುತ್ತವೆ. ಅವುಗಳಲ್ಲಿ ಪ್ರತಿ ಲೆಕ್ಕ ಶೀರ್ಷಿಕೆಯ ಎದುರು ಹಲವು ಅಂಕಣಗಳಿರುತ್ತವೆ. 2025-26ರ ಸಂಪುಟವಾದರೆ 2023-24ರ ಲೆಕ್ಕ, 2024-25ರ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಬಳಿಕ ಹೊಸ ವರ್ಷದ ಅಂದಾಜು. ವಾಸ್ತವವಾಗಿ ಎಷ್ಟು ಖರ್ಚಾಯಿತೆಂದು ತಿಳಿಸುವುದು ಲೆಕ್ಕದ ಅಂಕಣ ಮಾತ್ರ. ಅದು ಹೊರಬರುವ ವೇಳೆಗೆ ಎರಡು ವರ್ಷ ಕಳೆದಿರುತ್ತದೆ. ಘೋಷಣೆಯೂ ಜನರ ನೆನಪಿನಿಂದ ಮಾಸಿರುತ್ತದೆ. ಮಂಜೂರಾಗಿಯೂ ಬಳಕೆಯಾಗದೆ ಉಳಿದ ಹಣದ ವಿವರ ಮಹಾಲೇಖಪಾಲರ ವರದಿಗಳಲ್ಲಿ ಸಿಗುತ್ತದೆ.

ಆದರೆ ನಮ್ಮೂರಿನ ರಸ್ತೆಗೆ ಬಂದ ಹಣವೇನಾಯಿತು ಎಂಬುದಕ್ಕೆ ಈ ಸಂಪುಟಗಳಲ್ಲಿ ಉತ್ತರವಿಲ್ಲ. ಅಲ್ಲಿ ನೆರವಿಗೆ ಬರುವುದು ಮಾಹಿತಿ ಹಕ್ಕು ಅಧಿನಿಯಮ, 2005. (ಕರ್ನಾಟಕವು 2000ದಲ್ಲಿಯೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ರೂಪಿಸಿತ್ತು.) ಅದರ 4(1)(ಬಿ) ಪ್ರಕರಣದಂತೆ, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನಗೆ ಹಂಚಿಕೆಯಾದ ಬಜೆಟ್, ಉದ್ದೇಶಿತ ವೆಚ್ಚ ಹಾಗೂ ಬಿಡುಗಡೆಯಾದ ಹಣದ ವಿವರವನ್ನು ಯಾರೂ ಕೇಳದಿದ್ದರೂ ಪ್ರಕಟಿಸಬೇಕು. ಪ್ರಕಟಿಸದಿದ್ದಲ್ಲಿ ಅರ್ಜಿಯೇ ದಾರಿ.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂ.; ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತಿರಬೇಕು. ಅರ್ಜಿದಾರರು ಎಡವುವುದು ಒಕ್ಕಣೆಯಲ್ಲಿ. ‘ಕಾಮಗಾರಿ ಏಕೆ ಕಳಪೆಯಾಗಿದೆ?’ ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಕ್ರಿಯಾಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕ, ಪಾವತಿಸಿದ ಬಿಲ್ಲು, ಇವುಗಳ ದೃಢೀಕೃತ ಪ್ರತಿ ಕೊಡಿ ಎಂದು ವರ್ಷ ಸಹಿತ ಕೇಳಬೇಕು. ಅಳತೆ ಪುಸ್ತಕದಲ್ಲಿನ ಉದ್ದಗಲವನ್ನು ರಸ್ತೆಯ ಮೇಲೆ ಟೇಪು ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆ ನೀಡಿದೆ.

ಉತ್ತರಕ್ಕೆ 30 ದಿನಗಳ ಗಡುವು. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಆಗಲೂ ಬಾರದಿದ್ದಲ್ಲಿ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಅನಂತರ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಸಕಾರಣವಿಲ್ಲದೆ ವಿಳಂಬ ಮಾಡಿದ ಅಧಿಕಾರಿಗೆ ಆಯೋಗವು ದಿನಕ್ಕೆ 250 ರೂ.ನಂತೆ, ಗರಿಷ್ಠ 25,000 ರೂ.ವರೆಗೆ ದಂಡ ವಿಧಿಸಬಹುದಾಗಿದೆ.