ಗ್ರಂಥಾಲಯಗಳಲ್ಲಿ ದೂರವಾಣಿಯಿಂದ ನಿಸ್ತಂತು ಜಾಲದೆಡೆಗೆ

ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ಸಂಪರ್ಕ ವ್ಯವಸ್ಥೆಗೆ ಆಧಾರವಾಗಿರುವುದು 'ಇ-ರೇಟ್' ಯೋಜನೆ. 1996ರ ದೂರಸಂಪರ್ಕ ಕಾಯಿದೆಯಿಂದ ರೂಪುಗೊಂಡ ಈ ಯೋಜನೆ ಶಾಲೆ ಹಾಗೂ ಗ್ರಂಥಾಲಯಗಳಿಗೆ ಸಂಪರ್ಕ ವೆಚ್ಚದಲ್ಲಿ ಶೇಕಡಾ 20ರಿಂದ 90ರವರೆಗೆ ರಿಯಾಯಿತಿ ನೀಡುತ್ತದೆ. ಪ್ರದೇಶದಲ್ಲಿ ಬಡತನ ಹೆಚ್ಚಿದ್ದಷ್ಟೂ ರಿಯಾಯಿತಿಯೂ ಹೆಚ್ಚು. ದೂರಸಂಪರ್ಕ ಸಂಸ್ಥೆಗಳು ಸಲ್ಲಿಸುವ ವಂತಿಗೆಯೇ ಇದರ ನಿಧಿ.

ಆರಂಭದಲ್ಲಿ ದೂರವಾಣಿ ಬಿಲ್ಲಿಗೂ ನೆರವು ದೊರೆಯುತ್ತಿತ್ತು. ಕಾಲಕ್ರಮೇಣ ಬೇರೊಂದು ಕೊರತೆ ಎದ್ದು ಕಂಡಿತು. ಕಟ್ಟಡದ ಬಾಗಿಲವರೆಗೆ ವೇಗದ ಸಂಪರ್ಕ ಬಂದರೂ ಒಳಗಿನ ವೈ-ಫೈ ಉಪಕರಣಗಳು ಹಳೆಯವಾಗಿದ್ದರೆ ಆ ವೇಗ ಓದುಗರಿಗೆ ದಕ್ಕದು. ಆದ್ದರಿಂದ 2014ರಲ್ಲಿ ಸಂಯುಕ್ತ ಸಂಪರ್ಕ ಆಯೋಗವು ನಿಯಮಗಳನ್ನು ಪರಿಷ್ಕರಿಸಿತು. ದೂರವಾಣಿಯ ರಿಯಾಯಿತಿಯನ್ನು 2015ರಿಂದ ವರ್ಷಕ್ಕೆ 20 ಅಂಶಗಳಂತೆ ಇಳಿಸಿ 2019ರ ವೇಳೆಗೆ ನಿಲ್ಲಿಸಲಾಯಿತು. ಒಳಾಂಗಣ ವೈ-ಫೈಗೆ ಆದ್ಯತೆ ಸಂದಿತು. ವಾರ್ಷಿಕ ಮಿತಿಯನ್ನು 390 ಕೋಟಿ ಡಾಲರುಗಳಿಗೆ ಏರಿಸಲಾಯಿತು.

ಈ ಜಾಲದ ಬೆಲೆ ತಿಳಿದದ್ದು 2020ರಲ್ಲಿ. ಕೋವಿಡ್‌ನಿಂದ ಬಾಗಿಲು ಮುಚ್ಚಿದರೂ ಅನೇಕ ಗ್ರಂಥಾಲಯಗಳು ವೈ-ಫೈ ಆರಿಸಲಿಲ್ಲ. ಮನೆಯಲ್ಲಿ ಅಂತರಜಾಲವಿಲ್ಲದವರು ಹೊರಗೆ ವಾಹನಗಳಲ್ಲಿ ಕುಳಿತು ಅದನ್ನು ಬಳಸಿದರು.

ಪುಸ್ತಕದಂತೆಯೇ ಮನೆಗೆ ಎರವಲು ಒಯ್ಯುವ ವೈ-ಫೈ ಸಾಧನಗಳಿಗೂ 2024ರಲ್ಲಿ ನೆರವು ಮಂಜೂರಾಯಿತು. 2025ರಲ್ಲಿ ಆಯೋಗವೇ ಅದನ್ನು ಹಿಂತೆಗೆದುಕೊಂಡಿತು. ಗ್ರಂಥಾಲಯದೊಳಗಿನ ವೈ-ಫೈಗೆ ನೆರವು ಮುಂದುವರಿದಿದೆ. ಆದರೆ ಸಂಜೆ ಬಾಗಿಲು ಮುಚ್ಚಿದ ಮೇಲೆ, ಸಂಪರ್ಕವಿಲ್ಲದ ಮನೆಯ ವಿದ್ಯಾರ್ಥಿ ಓದುವುದೆಲ್ಲಿ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.